ಚಿಕ್ಕಮ್ಮನ ಒಂದೂವರೆ ವರ್ಷದ ಕೋರ್ಸು

ಮೊನ್ನೆ ರಿಸಲ್ಟ್ ಬಂದ ವಾರ ಹೊಸನಗರದಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಅವನ ಮಗಳು ಆರ್ಟ್ಸಲ್ಲಿ ಪಿಯುಸಿ ಪಾಸು. ಜಿಎನ್‌ಎಂ ನರ್ಸಿಂಗಿಗೇ ಸೇರ್ತೀನಿ ಅಂತ ಹಠವಂತೆ. "ಡಿಗ್ರಿನೂ ಅಲ್ಲ, ಎಂತದೂ ಅಲ್ಲ. ಮೂರು ವರ್ಷ ಡಿಪ್ಲೊಮಾ. ಬಿಕಾಂ ಮಾಡು ಅಂತ ನೀನಾದ್ರೂ ಹೇಳು ಮಾರಾಯಾ" ಅಂದ. ಬಿಇ ಮಾಡಿ ಬೆಂಗಳೂರಲ್ಲಿ ಕೂತವನ ಮಾತಿಗೆ ಊರಲ್ಲಿ ಸುಮ್ಮನೆ ಬೆಲೆ ಜಾಸ್ತಿ. ಆಯ್ತಣ್ಣಾ ಅಂದೆ. ಆದರೆ ಹೇಳೋ ಮುಂಚೆ ಈ ಸಣ್ಣ ಕೋರ್ಸುಗಳು ಎಲ್ಲಿಂದ ಬಂದವು ಅಂತ ಓದಲು ಕೂತೆ.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ನರ್ಸುಗಳ ಕೊರತೆ ಇತ್ತು. ಆಸ್ಪತ್ರೆಗಳೇ ನಡೆಸುತ್ತಿದ್ದ ಶಾಲೆಗಳಲ್ಲಿ ಮೂರು ವರ್ಷ ಓದಬೇಕಿತ್ತು. ಓದು ಕಡಿಮೆ, ವಾರ್ಡಿನ ದುಡಿಮೆ ಹೆಚ್ಚು. ಮಿಲ್ಡ್ರೆಡ್ ಮಾಂಟ್ಯಾಗ್ ಎಂಬ ನರ್ಸಿಂಗ್ ಅಧ್ಯಾಪಕಿ, ಎರಡೇ ವರ್ಷದಲ್ಲಿ, ಊರ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲೇ ಒಳ್ಳೆಯ ನರ್ಸನ್ನು ತಯಾರು ಮಾಡಬಹುದು ಎಂದು 1951ರಲ್ಲಿ ಬರೆದರು. ಮರುವರ್ಷವೇ ಪ್ರಯೋಗ ಶುರುವಾಯಿತು. ಅದೇ ಇವತ್ತಿನ ಅಸೋಸಿಯೇಟ್ ಡಿಗ್ರಿ. ಎರಡು ವರ್ಷ ಓದಿದವಳೂ ನಾಲ್ಕು ವರ್ಷ ಓದಿದವಳೂ ಅಲ್ಲಿ ಬರೆಯುವ ಲೈಸೆನ್ಸ್ ಪರೀಕ್ಷೆ ಒಂದೇ. ಪಾಸಾದರೆ ಇಬ್ಬರೂ ರಿಜಿಸ್ಟರ್ಡ್ ನರ್ಸ್. ಆದರೂ 1965ರಲ್ಲಿ ಅಲ್ಲಿನ ನರ್ಸುಗಳ ಸಂಘವೇ, ವೃತ್ತಿಪರ ನರ್ಸ್ ಎನ್ನಿಸಿಕೊಳ್ಳಲು ಪದವಿ ಬೇಕು ಎಂದಿತು. ಆ ಜಗಳ ಇನ್ನೂ ಮುಗಿದಿಲ್ಲ. ನಮ್ಮಣ್ಣ ಫೋನಲ್ಲಿ ಹೇಳಿದ್ದೂ ಅದನ್ನೇ ತಾನೇ?

ನಮ್ಮ ದೇಶದಲ್ಲೂ ಹೆಚ್ಚುಕಮ್ಮಿ ಅದೇ ಹೊತ್ತು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಿತು, 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯಿದೆ ಬಂತು, 1951ರಲ್ಲಿ ಎರಡು ವರ್ಷದ ಎಎನ್‌ಎಂ ಕೋರ್ಸು ಶುರುವಾಯಿತು. ಹಳ್ಳಿಯ ಹೆರಿಗೆ, ಲಸಿಕೆ ನೋಡಿಕೊಳ್ಳುವ ಕೆಲಸಕ್ಕೆ. ಕರ್ತಾರ್ ಸಿಂಗ್ ಸಮಿತಿಯ ವರದಿಯ ನಂತರ, ಎಪ್ಪತ್ತರ ದಶಕದ ಕೊನೆಗೆ, ಅದು ಒಂದೂವರೆ ವರ್ಷಕ್ಕೆ ಇಳಿಯಿತು.

ನಮ್ಮ ಚಿಕ್ಕಮ್ಮ ಓದಿದ್ದು ಆ ಒಂದೂವರೆ ವರ್ಷದ್ದು. ಎಸ್ಸೆಸ್ಸೆಲ್ಸಿ ಆದಮೇಲೆ, 1986ರಲ್ಲಿ. ಕೆಲಸ ಸಿಕ್ಕಿದ್ದು ಸಾಗರ ತಾಲೂಕಿನ ಹಿನ್ನೀರಿನಾಚೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಆ ಕಡೆಯವರಿಗೆ ಸಾಗರ ಪೇಟೆ ದೂರವಾಗಿಬಿಟ್ಟಿತ್ತು. ಲಾಂಚ್ ದಾಟಬೇಕಿತ್ತು, ಇಲ್ಲಾ ಸುತ್ತಿ ಬಳಸಿ ಬರಬೇಕಿತ್ತು. ಅಲ್ಲಿ ಡಾಕ್ಟರ್ ಅಂದ್ರೂ ಆಸ್ಪತ್ರೆ ಅಂದ್ರೂ ನರ್ಸಮ್ಮನೇ.

ಅದರ ಮೇಲೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಈ ಜ್ವರ ಮುಂದೆ ಸಾಗರ, ಹೊಸನಗರ, ತೀರ್ಥಹಳ್ಳಿಗೂ ಬಂತು. ಹರಡುವುದು ಉಣುಗಿನಿಂದ. ಸೊಪ್ಪು, ಒಣ ಎಲೆ ತರಲು ಕಾಡಿಗೆ ಹೋಗುವವರೇ ಮೊದಲು ಮಲಗುವುದು. ಇದಕ್ಕೆಂದೇ ಔಷಧಿ ಇಲ್ಲ. 1990ರಿಂದ ಕೊಟ್ಟ ಲಸಿಕೆಯ ಎರಡು ಡೋಸ್ ಹಾಕಿಸಿಕೊಂಡರೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ ಎಂದು ಆಮೇಲೆ ಲೆಕ್ಕ ಹಾಕಿದ್ದಾರೆ.

ಈ 62 ಮತ್ತು 83ರ ನಡುವೆ ಇದ್ದದ್ದೇ ಚಿಕ್ಕಮ್ಮನ ಕೆಲಸ. ಆ ಇಂಜೆಕ್ಷನ್ ವಿಪರೀತ ನೋವು. ಒಂದು ಸಲ ಹಾಕಿಸಿಕೊಂಡವರು ಎರಡನೇ ಸಲ ಚಿಕ್ಕಮ್ಮನ್ನ ಕಂಡರೆ ಹಿತ್ತಿಲ ಬಾಗಿಲಿಂದ ತೋಟಕ್ಕೆ ಇಳಿದುಬಿಡ್ತಿದ್ರು. ಇವಳು ಐಸ್ ಪೆಟ್ಟಿಗೆ ಹಿಡಿದು ಜಗಲಿಯಲ್ಲೇ ಕೂರ್ತಿದ್ಲು. ಕಷಾಯ ಕುಡಿದು, ಅಡಿಕೆ ರೇಟು ಮಾತಾಡಿ, ಅವರು ವಾಪಸ್ ಬರೋವರೆಗೂ. 2019ರಲ್ಲಿ ಅರಳಗೋಡಿನಲ್ಲಿ ಸಾಲುಸಾಲಾಗಿ ಜನ ಸತ್ತಾಗ ರಾತ್ರಿ ಫೋನ್ ಮಾಡಿ, "ಹತ್ತು ನಿಮಿಷ ಜಾಸ್ತಿ ಕೂತು ಬರದಿದ್ದ ಮನೆಗಳು ನೆನಪಾಗ್ತಾವೆ ಕಣೋ" ಅಂದಿದ್ಲು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳಿಗೆ ಜಿಎನ್‌ಎಂ ಮಾಡುವ ಆಸೆ ಇತ್ತು. ರಜೆ ಸಿಗಲಿಲ್ಲ. ಆಮೇಲೆ ವಯಸ್ಸಾಯಿತು. ಅಪ್ಪಯ್ಯನ ತೋಟಕ್ಕೆ ಕೊಳೆರೋಗ ಬಂದ ವರ್ಷ ನನ್ನ ಬಿಇ ಮೊದಲ ಸೆಮಿಸ್ಟರ್ ಫೀಸು ಕಟ್ಟಿದ್ದು ಅವಳ ಸಂಬಳ. ಆ ಸರ್ಟಿಫಿಕೇಟಿನಿಂದ ಒಬ್ಬ ಇಂಜಿನಿಯರ್ ಬಂದ. ಅವಳು ಮಾತ್ರ ಅಲ್ಲೇ ಉಳಿದಳು.

ಹಾಗಾಗಿ ಸಣ್ಣ ಕೋರ್ಸನ್ನು ಹೊಗಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಬಾಗಿಲು ಚಿಕ್ಕದಿದ್ದರೂ ಪರವಾಗಿಲ್ಲ, ಒಳಗೆ ಮೆಟ್ಟಿಲು ಇರಬೇಕು. ಈಗ ಇದೆ. ಬಿಎಸ್ಸಿ ನರ್ಸಿಂಗಿಗೆ ಪಿಯುಸಿಯಲ್ಲಿ ಸೈನ್ಸ್ ಬೇಕು. ಜಿಎನ್‌ಎಂಗೆ ಆರ್ಟ್ಸಿನವರೂ ಸೇರಬಹುದು. ಮುಗಿಸಿದರೆ ಬಿಎಸ್ಸಿಯವರ ಹಾಗೇ ರಿಜಿಸ್ಟರ್ಡ್ ನರ್ಸ್. ಮುಂದೆ ಎರಡು ವರ್ಷ ಪೋಸ್ಟ್ ಬೇಸಿಕ್ ಓದಿದರೆ ಪದವಿಯೂ ಸಿಗುತ್ತದೆ. ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಎಂದು ದುಡ್ಡು ಕಟ್ಟುವ ಮುಂಚೆಯೇ ನೋಡಬೇಕು, ಅಷ್ಟೆ.

ಅಣ್ಣನಿಗೆ ಇದಿಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೀಸು ಎಷ್ಟಾಗುತ್ತೋ ಎಂತದೋ" ಅಂದ.

ಮೊದಲ ಕಂತು ನಾನು ಕಟ್ತೀನಿ ಅಂದೆ. ಚಿಕ್ಕಮ್ಮನಿಗೆ ವಾಪಸ್ ಕೊಡಲು ಹೋದರೆ ಅವಳು ತಗೊಳ್ಳಲ್ಲ.