ಬೀದರ್ ಬೇಸಿಗೆಯಲ್ಲಿ ಆಕ್ಸಲಾಟಲ್: ನೀರು ಎಷ್ಟು ತಣ್ಣಗಿರಬೇಕು?

ಡಿಸೆಂಬರ್‌ನಲ್ಲಿ ರಾಜೇಶ್ವರ, ಹುಮನಾಬಾದ್, ಬಸವಕಲ್ಯಾಣದ ಕಡೆ ಯಾರಾದರೂ ಆಕ್ಸಲಾಟಲ್ ತಂದು ಸಾಕಿದರೆ ಮೊದಲ ಎರಡು ತಿಂಗಳು ಏನೂ ತೊಂದರೆ ಕಾಣಲ್ಲ. ಬೀದರ್ ಜಿಲ್ಲೆಯ ಚಳಿಯೇ ತೊಟ್ಟಿಯ ನೀರನ್ನು ತಣ್ಣಗಿಟ್ಟಿರುತ್ತದೆ. ನಿಜವಾದ ಪರೀಕ್ಷೆ ಶುರುವಾಗೋದು ಮಾರ್ಚ್‌ನಲ್ಲಿ.

ಆಕ್ಸಲಾಟಲ್ ಮೀನಲ್ಲ. ಕಪ್ಪೆಯಂತೆ ಉಭಯವಾಸಿ ವರ್ಗಕ್ಕೆ ಸೇರಿದ ಸಲಮಾಂಡರ್. ಇದರ ಮೂಲ ನೆಲೆ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿರುವ ಮೆಕ್ಸಿಕೊ ನಗರದ ಸೋಚಿಮಿಲ್ಕೊ ಕಾಲುವೆಗಳು. ನೀರಿನ ಉಷ್ಣತೆಯೇ ಇದರ ಮೈಯ ಉಷ್ಣತೆ.

ಎಷ್ಟು ಡಿಗ್ರಿ ಸುರಕ್ಷಿತ?

- 16ರಿಂದ 18 ಡಿಗ್ರಿ ಸೆಲ್ಸಿಯಸ್: ಉತ್ತಮ.
- 20ರವರೆಗೆ: ನಡೆಯುತ್ತದೆ.
- 20ರಿಂದ 22: ದಿನಗಟ್ಟಲೆ ಹೀಗೇ ಇದ್ದರೆ ಸೊರಗುತ್ತದೆ.
- 24 ದಾಟಿದರೆ: ಜೀವಕ್ಕೇ ಅಪಾಯ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಪ್ರಾಣಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚು. ಕಸದಿಂದ ಬರುವ ಅಮೋನಿಯಾದ ವಿಷವೂ ಏರುತ್ತದೆ. ಊಟ ಬಿಡುವುದು, ಕಿವಿರು ಮುಂದಕ್ಕೆ ಬಾಗುವುದು, ಬಾಲದ ತುದಿ ಸುರುಳಿಯಾಗುವುದು, ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಾಣುವುದು ಎಚ್ಚರಿಕೆಯ ಗುರುತುಗಳು.

ಫ್ಯಾನ್ ಹಾಕಿದ್ರೆ ಸಾಕಾ?

ಸಾಕಾಗಲ್ಲ. ನೀರಿನ ಮೇಲೆ ಗಾಳಿ ಹಾಯಿಸಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಡಿಗ್ರಿ ಇಳಿಯಬಹುದು. ಮಣ್ಣಿನ ಕೊಡದಲ್ಲಿ ನೀರು ತಣಿಯುವ ಲೆಕ್ಕವೇ ಇದು. ಆದರೆ ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇ 20 ಇದ್ದಾಗ, ಆವಿಯಾಗುವುದರಿಂದ ನೀರು ತಣಿಯಬಹುದಾದ ಕೊನೆಯ ಮಿತಿಯೇ ಸುಮಾರು 23 ಡಿಗ್ರಿ. ಮಳೆಗಾಲದ ತೇವದಲ್ಲಿ ಫ್ಯಾನಿನ ಉಪಯೋಗ ಇನ್ನೂ ಕಡಿಮೆ.

ಹಾಗಾಗಿ ಇಲ್ಲಿ ಉಳಿಯುವ ದಾರಿ ಒಂದೇ: ಥರ್ಮೋಸ್ಟಾಟ್ ಇರುವ ಚಿಲ್ಲರ್, ಕರೆಂಟ್ ಹೋದಾಗ ಅದನ್ನು ನಡೆಸುವ ಇನ್ವರ್ಟರ್. ಚಿಲ್ಲರ್ ಬಿಸಿಗಾಳಿ ಉಗುಳುವುದರಿಂದ ಕೋಣೆಗೆ ಗಾಳಿಯಾಡುವಂತಿರಬೇಕು. ತುರ್ತಿಗೆ ನೀರು ತುಂಬಿ ಗಡ್ಡೆಗಟ್ಟಿಸಿದ ಬಾಟಲಿಯನ್ನು ತೊಟ್ಟಿಯಲ್ಲಿ ತೇಲಿಬಿಡಿ. ಐಸ್ ತುಂಡುಗಳನ್ನು ನೇರವಾಗಿ ಸುರಿಯಬೇಡಿ, ಏಕಾಏಕಿ ತಣಿದರೂ ಪ್ರಾಣಿಗೆ ಆಘಾತವೇ. ಥರ್ಮಾಮೀಟರನ್ನು ಬೆಳಗ್ಗೆ ಮಾತ್ರವಲ್ಲ, ನೀರು ಹೆಚ್ಚು ಕಾದಿರುವ ಸಂಜೆ ಹೊತ್ತಿಗೂ ನೋಡಿ.

ಕಾನೂನು ಏನನ್ನುತ್ತದೆ?

ಆಕ್ಸಲಾಟಲ್ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಸಾಕುವವರು ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರು ದಾಖಲೆ ಕೊಡದಿದ್ದರೆ ಕೊಳ್ಳಬೇಡಿ.

ಮೂಲ ನೆಲೆಯಲ್ಲಿ ಈ ಪ್ರಾಣಿ ಅಳಿವಿನಂಚಿನಲ್ಲಿದೆ. 1998ರಲ್ಲಿ ಸೋಚಿಮಿಲ್ಕೊದ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು. 2014ರ ಎಣಿಕೆಯಲ್ಲಿ ಸಿಕ್ಕಿದ್ದು ಸುಮಾರು 35. ಏಪ್ರಿಲ್ ಮಧ್ಯಾಹ್ನ ನಾಲ್ಕು ತಾಸು ಕರೆಂಟ್ ಹೋದರೂ ನೀರನ್ನು 20 ಡಿಗ್ರಿಯೊಳಗೆ ಇಡುತ್ತೇನೆ ಅನ್ನುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಮಾತ್ರ ಸಾಕಿ. ಇಲ್ಲದಿದ್ದರೆ ತರದಿರುವುದೇ ಅದಕ್ಕೆ ಮಾಡುವ ಉಪಕಾರ.