ನಿಲ್ಲದ ಫ್ಯಾನ್: ಮಂಡ್ಯ ಸೀಮೆಯ ರಿಪೇರಿ ಚರಿತ್ರೆಗೊಂದು ಟಿಪ್ಪಣಿ

ಮಂಡ್ಯ ಜಿಲ್ಲೆಯ ತಂತ್ರಜ್ಞಾನದ ಚರಿತ್ರೆ ಸಾಮಾನ್ಯವಾಗಿ ಮೂರು ಹೆಸರುಗಳಿಂದ ಶುರುವಾಗುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ, 1911ರಲ್ಲಿ ಕೆಲಸ ಆರಂಭವಾಗಿ ಎರಡು ದಶಕ ಹಿಡಿದ ಕನ್ನಂಬಾಡಿ ಕಟ್ಟೆ, 1930ರ ದಶಕದಲ್ಲಿ ಕಬ್ಬು ಅರೆಯತೊಡಗಿದ ಮೈಶುಗರ್ ಕಾರ್ಖಾನೆ. ಇವೆಲ್ಲ ಕಟ್ಟಿದವರ ಚರಿತ್ರೆ. ಕೆಟ್ಟದ್ದನ್ನು ಸರಿಮಾಡಿದವರಿಗೂ ಒಂದು ಚರಿತ್ರೆಯಿದೆ. ಅದು ಇರುವುದು ಸರ್ಕಾರಿ ಕಡತಗಳಲ್ಲಲ್ಲ, ಮಂಡ್ಯ, ಮದ್ದೂರು, ಮಳವಳ್ಳಿಗಳ ರಸ್ತೆ ಬದಿಯ ಗ್ಯಾರೇಜುಗಳಲ್ಲಿ. ಆ ಚರಿತ್ರೆಯ ಒಳಗೆ ಹೋಗಲು ನಾನು ಹಿಡಿದಿರುವ ದಾರಿ ಗ್ಯಾರೇಜಿಗೆ ಬಂದವರು ಕೇಳುವ ಒಂದು ಸಣ್ಣ ಪ್ರಶ್ನೆ: 'ಯಾಕಣ್ಣ, ಫ್ಯಾನ್ ನಿಲ್ತಾನೇ ಇಲ್ವಲ್ಲ?'

ಈ ಪ್ರಶ್ನೆಗೆ ವಯಸ್ಸು ಕಡಿಮೆ. ಐವತ್ತು ವರ್ಷಗಳ ಹಿಂದೆ ಇದನ್ನು ಯಾರೂ ಕೇಳುತ್ತಿರಲಿಲ್ಲ. ಏಕೆಂದರೆ ಆಗ ರೇಡಿಯೇಟರ್ ಫ್ಯಾನ್ ಸದಾ ತಿರುಗುತ್ತಿರುವುದೇ ಗಾಡಿಯ ಆರೋಗ್ಯವಾಗಿತ್ತು.

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿ ಪೂರ್ತಿಯಾಗಿ ಚಕ್ರಕ್ಕೆ ಸಿಗುವುದಿಲ್ಲ. ದೊಡ್ಡ ಪಾಲು ಹೊಗೆಯ ಜೊತೆ ಹೋದರೆ, ಇನ್ನೊಂದು ಪಾಲನ್ನು ಎಂಜಿನ್ ಸುತ್ತ ಹರಿಯುವ ನೀರು ಹೊತ್ತುಕೊಂಡು ಬಂದು ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡಬೇಕು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬಾಕ್ ಜೇನುಗೂಡಿನಂಥ ರೇಡಿಯೇಟರ್ ಅಳವಡಿಸಿದ ಮೇಲೆ ಇವತ್ತಿನ ಕಾರಿನ ಮೂತಿಗೆ ಒಂದು ರೂಪ ಬಂತು. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮೊದಲ ಕೆಲವು ಸಾವಿರ ಗಾಡಿಗಳನ್ನು ಬಿಟ್ಟರೆ ನೀರಿನ ಪಂಪೂ ಇರಲಿಲ್ಲ. ಬಿಸಿನೀರು ತಾನಾಗಿ ಮೇಲೇರಿ, ತಣ್ಣಗಾಗಿ ಕೆಳಗಿಳಿಯುತ್ತಿತ್ತು. ಫ್ಯಾನನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತಿತ್ತು.

ನಮ್ಮ ರಸ್ತೆಗಳಿಗೆ ಬಂದ ಹಳೆಯ ಅಂಬಾಸಿಡರ್, ಫಿಯೆಟ್, ಜೀಪು, ಲಾರಿಗಳಲ್ಲೂ ಇದೇ ವ್ಯವಸ್ಥೆ. ಎಂಜಿನ್ ಓಡಿದರೆ ಫ್ಯಾನ್ ಓಡಬೇಕು, ಫ್ಯಾನ್ ನಿಂತರೆ ಬೆಲ್ಟ್ ಹರಿದಿದೆ ಎಂದರ್ಥ. ಮೇಸ್ತ್ರಿ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಎಷ್ಟು ಸಡಿಲವಿದೆ ನೋಡುತ್ತಿದ್ದ. ರೇಡಿಯೇಟರ್ ಮೂತಿಗೆ ಕಬ್ಬಿನ ತರಗು, ಧೂಳು ಮೆತ್ತಿಕೊಂಡಿದೆಯೇ ಎಂದು ಪರೀಕ್ಷಿಸುತ್ತಿದ್ದ. ಗಡಸು ನೀರು ತುಂಬಿದ ಗಾಡಿಯಾದರೆ, ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವಂಥ ಬಿಳಿ ಪೊರೆ ಕೊಳವೆಗಳಲ್ಲೂ ಕಟ್ಟಿರುತ್ತಿತ್ತು. ಕಣ್ಣು, ಕಿವಿ, ಬೆರಳು ಇವಿಷ್ಟೇ ಉಪಕರಣ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ನೋಡಿ ಉರಿ ಹೆಚ್ಚು ಕಡಿಮೆ ಮಾಡುವವರ ಸೀಮೆಗೆ ಈ ಬಗೆಯ ತಿಳಿವಳಿಕೆ ಹೊಸದೇನಲ್ಲ.

ಆದರೆ ಬೆಲ್ಟ್ ಫ್ಯಾನಿಗೆ ಹುಟ್ಟಿನಿಂದಲೇ ಬಂದ ಒಂದು ಕೊರತೆಯಿತ್ತು. ಅದರ ವೇಗ ಎಂಜಿನ್ ವೇಗಕ್ಕೆ ಕಟ್ಟುಬಿದ್ದದ್ದು. ಕಬ್ಬಿನ ಗಾಡಿಗಳ ಸಾಲಿನ ಹಿಂದೆ ತೆವಳುವಾಗ ಗಾಳಿ ಬೇಕು, ಆಗ ಅದು ನಿಧಾನ. ಖಾಲಿ ರಸ್ತೆಯಲ್ಲಿ ಎದುರು ಗಾಳಿಯೇ ಸಾಕು, ಆಗ ಅದರದ್ದು ವೃಥಾ ವೇಗ.

1983ರ ಡಿಸೆಂಬರ್‌ನಲ್ಲಿ ಮಾರುತಿ ಬಂತು. ಮಾರುತಿ 800ರಲ್ಲಿ ಎಂಜಿನ್ ಅಡ್ಡಡ್ಡ ಕೂತಿತ್ತು. ಬೆಲ್ಟಿನ ಕಡೆ ಕಾರಿನ ಪಕ್ಕಕ್ಕೆ, ರೇಡಿಯೇಟರ್ ಮುಂದಕ್ಕೆ. ಹಾಗಾಗಿ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟರು. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ ಎಂಬತ್ತು ವರ್ಷಗಳಾದ ಮೇಲೆ ಅದೇ ತಾಲ್ಲೂಕಿನ ರಸ್ತೆಯ ಕಾರುಗಳಲ್ಲಿ ಫ್ಯಾನ್ ಕೂಡ ಕರೆಂಟಿನಿಂದ ತಿರುಗತೊಡಗಿತು. ಅದಕ್ಕೆ ಅಪ್ಪಣೆ ಕೊಡುವುದು ಒಂದು ಶಾಖದ ಸ್ವಿಚ್ಚು. ನೀರು ಸುಮಾರು 90 ಡಿಗ್ರಿ ದಾಟಿದಾಗ ಸ್ವಿಚ್ಚು ಕೂಡಿಕೊಳ್ಳುತ್ತದೆ, ಕೆಲವು ಡಿಗ್ರಿ ಇಳಿದಾಗ ಬಿಡುತ್ತದೆ. ಅಂದಿನಿಂದ ಆರೋಗ್ಯದ ಲಕ್ಷಣ ತಿರುಗುಮುರುಗಾಯಿತು. ಆಗಾಗ ನಿಲ್ಲುವ ಫ್ಯಾನೇ ಸರಿಯಾದ ಫ್ಯಾನ್; ನಿಲ್ಲದ್ದು ರೋಗಿ. ನಮ್ಮ ಪ್ರಶ್ನೆ ಹುಟ್ಟಿದ್ದು ಆಗ.

ಮುಂದಿನ ಪಲ್ಲಟ ಇನ್ನೂ ಸೂಕ್ಷ್ಮ. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬ್ಯುರೇಟರ್ ಹೋಗಿ, ಗ್ಯಾರೇಜಿನವರು ಇಸಿಎಂ ಎನ್ನುವ ಎಂಜಿನ್ ಕಂಪ್ಯೂಟರ್ ಬಂತು. ಫ್ಯಾನಿನ ಅಪ್ಪಣೆ ಸ್ವಿಚ್ಚಿನಿಂದ ಸೆನ್ಸರ್ ಮತ್ತು ಇಸಿಎಂ ಕೈಗೆ ದಾಟಿತು. ಇಲ್ಲೊಂದು ಚಾರಿತ್ರಿಕ ತೊಡಕಿದೆ. ಹಳೆಯ ಮಾರುತಿಯಲ್ಲಿ ಸ್ವಿಚ್ಚಿನ ವೈರು ಕಿತ್ತರೆ ಫ್ಯಾನ್ ನಿಲ್ಲುತ್ತಿತ್ತು. ಇಸಿಎಂ ಇರುವ ಬಹುಪಾಲು ಕಾರುಗಳಲ್ಲಿ ಸೆನ್ಸರಿನ ವೈರು ಕಿತ್ತರೆ ಫ್ಯಾನ್ ಶುರುವಾಗುತ್ತದೆ! ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬ ಸುದ್ದಿಯೇ ಬಾರದಿದ್ದಾಗ ತಂಪು ಮಾಡುವುದೇ ಕ್ಷೇಮ ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಅದೇ ಕೈ, ಅಂಥದ್ದೇ ವೈರು, ಉತ್ತರ ಮಾತ್ರ ಉಲ್ಟಾ. ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಯಾವ ತರಗತಿಯೂ ಇಲ್ಲದೆ ಈ ಗೆರೆ ದಾಟಬೇಕಾಯಿತು.

ಹಾಗಾಗಿ ಇವತ್ತು ನಿಲ್ಲದ ಫ್ಯಾನಿನ ಮೂಲ ಹುಡುಕುವುದೆಂದರೆ ಈ ಮೂರೂ ಕಾಲಗಳನ್ನು ಒಂದೊಂದಾಗಿ ವಿಚಾರಿಸುವುದು. ಮೊದಲು ಎಸಿ ಆಫ್ ಮಾಡಬೇಕು. ಎಸಿ ಹಾಕಿದಾಗ ಫ್ಯಾನ್ ಓಡುವುದು ಸಹಜ. ಗಾಡಿ ನಿಲ್ಲಿಸಿದ ಮೇಲೂ ಕೆಲವು ನಿಮಿಷ ಓಡುವುದು ಹಲವು ಮಾದರಿಗಳ ಗುಣವೇ ಹೊರತು ರೋಗವಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ಕೀ ತಿರುಗಿಸಿ, ತಣ್ಣನೆ ಎಂಜಿನ್ನಿನಲ್ಲೇ ಫ್ಯಾನ್ ಶುರುವಾದರೆ ರಿಲೇ ಕಿತ್ತು ನೋಡುವುದು. ಕಿತ್ತರೂ ಫ್ಯಾನ್ ನಿಲ್ಲದಿದ್ದರೆ ಕರೆಂಟು ಬೇರೆ ದಾರಿಯಲ್ಲಿ ಬರುತ್ತಿದೆ. ನಿಂತರೆ, ಅದೇ ನಮೂನೆಯ ಇನ್ನೊಂದು ರಿಲೇ ಹಾಕಿ ನೋಡುವುದು. ಆಗ ಸರಿಹೋದರೆ ಹಳೆಯದರ ಒಳಗಿನ ತುದಿಗಳು ಸುಟ್ಟು ಬೆಸೆದುಕೊಂಡಿವೆ. ಇಲ್ಲದಿದ್ದರೆ ಸೆನ್ಸರಿನ ಸರದಿ. ಮಳವಳ್ಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸಿದರೆ ಸೆನ್ಸರಿನ ವೈರೋ ಸೆನ್ಸರೋ ಕಡಿದಿದೆ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಡ.

ಇವೆಲ್ಲ ಸರಿಯಿದ್ದರೆ ಉಳಿಯುವುದು ಗಂಭೀರವಾದ ಸಾಧ್ಯತೆ: ಗಾಡಿ ನಿಜಕ್ಕೂ ಕಾಯುತ್ತಿದೆ. ಥರ್ಮೋಸ್ಟ್ಯಾಟ್ ಮುಚ್ಚಿಕೊಂಡಿರಬಹುದು, ರೇಡಿಯೇಟರ್ ಕಟ್ಟಿರಬಹುದು, ನೀರಿನ ಪಂಪು ಸೋತಿರಬಹುದು. ಆಗ ಫ್ಯಾನ್ ರೋಗಿಯಲ್ಲ, ರೋಗದ ಸುದ್ದಿ ತಂದವನು. ಸದ್ದು ತಾಳಲಾರದೆ ಅದರ ವೈರು ಕಿತ್ತರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಬಾಡಿಗೆ ಕಾರು ನಂಬಿ ಬದುಕುವ ಮನೆಗೆ ಅದು ಒಂದೆರಡು ತಿಂಗಳ ದುಡಿಮೆ.

ಇನ್ನೊಂದು ಉಪಾಯವೂ ಇದೆ, ಅದರ ಹೆಸರು 'ಡೈರೆಕ್ಟ್'. ಸೆನ್ಸರ್ ಸಿಗಲಿಲ್ಲ, ಗಿರಾಕಿಯ ಹತ್ತಿರ ದುಡ್ಡಿಲ್ಲ, ರಾತ್ರಿಯೊಳಗೆ ಊರು ಸೇರಬೇಕು. ಆಗ ಕೀ ಆನ್ ಮಾಡಿದೊಡನೆ ಫ್ಯಾನ್ ತಿರುಗುವಂತೆ ನೇರ ವೈರು ಎಳೆಯುತ್ತಾರೆ. ಇದನ್ನು ಅಡ್ಡದಾರಿ ಎಂದು ನಗುವುದು ಸುಲಭ. ಆದರೆ ನನಗೆ ಇದರಲ್ಲಿ ಕಾಣುವುದು ಅಂಬಾಸಿಡರ್ ಕಾಲದ ವಿವೇಕ: ಫ್ಯಾನ್ ನಿಲ್ಲದಿದ್ದರೆ ಭಯವಿಲ್ಲ. ಅಂದಿನ ರಾತ್ರಿಗೆ ಅದು ಸರಿಯಾದ ಚಿಕಿತ್ಸೆಯೇ. ತೊಂದರೆ ಶುರುವಾಗುವುದು ಅದು ವರ್ಷಗಟ್ಟಲೆ ಹಾಗೇ ಉಳಿದಾಗ. ಎಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯಬಹುದು, ಮೋಟರು ಸವೆಯುತ್ತದೆ. ಗಾಡಿ ಕೈ ಬದಲಾದ ಮೇಲೆ ಆ ವೈರು ಯಾಕೆ ಬಂತು ಎಂಬ ನೆನಪೂ ಅಳಿಯುತ್ತದೆ. ಮೂರನೆಯ ಮಾಲೀಕ ಹೊಸ ಮೆಕ್ಯಾನಿಕ್ ಮುಂದೆ ನಿಂತು ಅದೇ ಪ್ರಶ್ನೆ ಕೇಳುತ್ತಾನೆ. ರಿಪೇರಿಗೆ ದಾಖಲೆ ಇಲ್ಲದಿದ್ದರೆ ಒಬ್ಬರ ಚಿಕಿತ್ಸೆ ಇನ್ನೊಬ್ಬರಿಗೆ ರೋಗವಾಗಿ ಕಾಣುವುದು ಹೀಗೆ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆ ನಡೆಯಿತು. ಸುಮಾರು 119 ಕಿಲೋಮೀಟರ್ ರಸ್ತೆ ಈಗ ಮದ್ದೂರು, ಮಂಡ್ಯ ಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಳೆಯ ರಸ್ತೆಯ ಹೋಟೆಲುಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಕಳೆದುಕೊಂಡ ವ್ಯಾಪಾರದ ಬಗ್ಗೆ ಪತ್ರಿಕೆಗಳು ಬರೆದವು. ಬಾನೆಟ್ ಎತ್ತಿದ ಕಾರಿಗೆ ಒಂದು ಕ್ಯಾನು ನೀರು, ಒಂದು ಮಾತು ಕೊಡುತ್ತಿದ್ದ ಗ್ಯಾರೇಜುಗಳೂ ಅದೇ ರಸ್ತೆಯವು. ಬೆರಳಿನಿಂದ ಬೆಲ್ಟ್ ಒತ್ತಿ, ಸ್ವಿಚ್ಚಿನ ವೈರು ಕಿತ್ತು, ಕೊನೆಗೆ ಸ್ಕ್ಯಾನರ್ ಹಿಡಿದವರು ಅಲ್ಲಿ ಈಗಲೂ ಕೆಲಸ ಮಾಡುತ್ತಿದ್ದಾರೆ. ಮೂರೂ ಕಾಲ ಒಂದೇ ಕೈಯಲ್ಲಿ ಉಳಿದಿರುವ ಕೊನೆಯ ತಲೆಮಾರು ಅದು.

ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಶಾಸನ, ವೀರಗಲ್ಲುಗಳ ಜೊತೆಗೆ ಈ ಕೈಗಳನ್ನೂ ಹುಡುಕಿಕೊಂಡು ಹೋಗಲಿ. ಯಾವ ವರ್ಷ, ಯಾವ ಗಾಡಿಯಲ್ಲಿ ಏನು ಬದಲಾಯಿತೆಂದು ಅವರನ್ನೇ ಕೇಳಿ ಬರೆದಿಡಲಿ. ಕಾರಿರುವವರಿಗೆ ಇನ್ನೂ ಸಣ್ಣ ಕೆಲಸ. ಎಂದಾದರೂ ಫ್ಯಾನಿಗೆ ಡೈರೆಕ್ಟ್ ಕೊಡಿಸಿದರೆ, ದಿನಾಂಕ ಮತ್ತು ಕಾರಣವನ್ನು ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಕಾರ್ಡಿನ ಜೊತೆ ಇಟ್ಟುಬಿಡಿ. ಮುಂದೆ ಆ ಬಾನೆಟ್ ತೆರೆಯುವವನು ಅಲ್ಲಿಂದ ಶುರು ಮಾಡುತ್ತಾನೆ.