ಕೌಂಡಿನ್ಯ, ಹರ್ಮನ್ ಆನಂದರಾವ್ (1825–1893)

ಬಾಸೆಲ್ ಮಿಶನ್ನಿನ ಕನ್ನಡ ಪಾದ್ರಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವರು. ಮಿಶನ್ ಶಾಲೆಯಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಶಿಷ್ಯರಾಗಿ, 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದು ಗುರುವಿನ ಹೆಸರನ್ನೂ ತಮ್ಮದಾಗಿಸಿಕೊಂಡರು. ಅದರ ಬೆಲೆ ದೊಡ್ಡದು: ಜಾತಿ ಹೋಯಿತು, ಬಂಧುಗಳು ದೂರವಾದರು. ಪತ್ನಿ ಲಕ್ಷ್ಮಿಯೂ ಅವರನ್ನು ಸೇರಿದ್ದು ವರ್ಷಗಳ ನಂತರ.

ಮನುಷ್ಯನನ್ನು ದೇವರು ಅಂಗೀಕರಿಸುವುದು ಹುಟ್ಟು, ಆಚಾರ, ಪುಣ್ಯಗಳನ್ನು ನೋಡಿಯಲ್ಲ, ಕ್ರಿಸ್ತನ ಮೂಲಕ ಉಚಿತವಾಗಿ ನೀಡುವ ಕೃಪೆಯಿಂದ ಎಂಬುದು ಮಿಶನ್ನಿನ ಬೋಧನೆಯ ತಿರುಳು. ಕುಲವೇ ಗುರುತಾಗಿದ್ದ ಕಾಲದಲ್ಲಿ ಕುಲವನ್ನು ಕಳೆದುಕೊಂಡವನಿಗೆ ಇದು ಬರೀ ತತ್ತ್ವವಲ್ಲ, ತಾನು ಯಾರೆಂಬ ಪ್ರಶ್ನೆಗೆ ದೊರೆತ ಉತ್ತರ. ಮೋಗ್ಲಿಂಗ್ ಆನಂದರಾವ್ ಅವರನ್ನು ಮಗನಂತೆ ಕಂಡರು. ಕರಾವಳಿಯ ಕ್ರೈಸ್ತ ಸಭೆಯಲ್ಲಿ ಬಹುಪಾಲು ಬಿಲ್ಲವರೇ ಇದ್ದುದರಿಂದ, ಈ ಬ್ರಾಹ್ಮಣ ತರುಣನಿಗೆ ಸಿಕ್ಕ ಹೊಸ ಬಳಗ ಹಳೆಯ ಜಾತಿ ಮೇರೆಗಳನ್ನೇ ದಾಟಿತ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಊರಿಗೆ ಮರಳಿದ ಅವರು ಮಂಗಳೂರಿನ ಬಲ್ಮಠದಲ್ಲಿ ದೇಶೀಯ ಉಪದೇಶಕರಿಗೆ ಪಾಠ ಹೇಳಿದರು. ಲಕ್ಷ್ಮಿಯ ಮರಣಾನಂತರ 1860ರಲ್ಲಿ ಜರ್ಮನಿಯ ಮೇರಿ ರೈನ್‌ಹಾರ್ಟ್ ಅವರನ್ನು ವರಿಸಿದರು. ಮೋಗ್ಲಿಂಗ್ ಕೊಡಗಿನಲ್ಲಿ ಕ್ರೈಸ್ತರಾದ ಹೊಲೆಯರಿಗಾಗಿ ಕಟ್ಟಿದ ಆನಂದಪುರಕ್ಕೂ ಆನಂದರಾವ್ ಅವರದೇ ಹೆಸರು.